ವಿಜಯನಗರದ ಲಾಯಕ್ಕೆ ಕುದುರೆ ಸಮುದ್ರ ದಾಟಿ ಏಕೆ ಬಂತು?

ಪ್ರಶ್ನೆ: ಕಳೆದ ತಿಂಗಳು ಮಕ್ಕಳೊಂದಿಗೆ ಹಂಪಿಗೆ ಹೋಗಿದ್ದೆವು. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಸಾಲುಗಟ್ಟಿ ನಡೆಯುವ ಕುದುರೆಗಳನ್ನು ತೋರಿಸುತ್ತ ನಮ್ಮ ಮಾರ್ಗದರ್ಶಿಯು, ವಿಜಯನಗರದ ಅರಸರು ವರ್ಷಕ್ಕೆ 13,000 ಅರಬ್ಬಿ ಕುದುರೆಗಳನ್ನು ತರಿಸಿಕೊಳ್ಳುತ್ತಿದ್ದರು, ನಮ್ಮ ನೆಲದಲ್ಲಿ ಕುದುರೆ ಹುಟ್ಟಿ ಬೆಳೆಯುವುದಿಲ್ಲವಾದ್ದರಿಂದ ಹಾಗೆ ಮಾಡಬೇಕಾಯಿತು ಎಂದರು. ಇದು ನಿಜವೇ? ನಿಜವಾದರೆ ಕುಣಿಗಲ್ಲಿನಲ್ಲಿ ಕುದುರೆಗಳು ಹೇಗೆ ಬೆಳೆಯುತ್ತಿವೆ? ಇನ್ನೊಂದು ಮಾತು: ಅರಸೀಕೆರೆಯ ಹತ್ತಿರ ನಮಗೊಂದು ತೆಂಗಿನ ತೋಟವಿದೆ. ಅಲ್ಲಿ ಮಾರ್ವಾಡಿ ಕುದುರೆಯೊಂದನ್ನು ಸಾಕಬೇಕೆಂದು ನನ್ನ ತಮ್ಮ ಹಟ ಹಿಡಿದಿದ್ದಾನೆ. ಅದು ನಮ್ಮ ಕಡೆ ಬಾಳುತ್ತದೆಯೇ?

ಉತ್ತರ: ನಿಮ್ಮ ಮಾರ್ಗದರ್ಶಿ ಹೇಳಿದ್ದು ಹೊಸ ಮಾತಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಹೆಚ್ಚುಕಡಿಮೆ ಇದನ್ನೇ ಬರೆದ. 1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನ್, ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲ ಎಂದು ಬರೆದ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಬಾರ್ಬೋಸಾ, ವಿಜಯನಗರದ ಸೀಮೆಯಲ್ಲಿ ಕುದುರೆಗಳು ಚೆನ್ನಾಗಿ ಬಾಳುವುದಿಲ್ಲ, ಬೇಗ ಸಾಯುತ್ತವೆ ಎಂದ. ಮೂವರು ಮೂರು ಕಾಲದಲ್ಲಿ, ಮೂರು ಊರುಗಳಲ್ಲಿ ನಿಂತು ಒಂದೇ ಮಾತು ಹೇಳಿದಾಗ ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೂ ವೃತ್ತಿಯ ಬಹುಪಾಲನ್ನು ಕುದುರೆ ಲಾಯಗಳಲ್ಲಿಯೇ ಕಳೆದ ಪಶುವೈದ್ಯನಾಗಿ ನಾನು ಹೇಳಬಲ್ಲೆ: ಅದರಲ್ಲಿ ಅರ್ಧ ಮಾತ್ರ ನಿಜ. ನಮ್ಮ ನೆಲ ಕುದುರೆಯನ್ನು ಒಲ್ಲೆ ಎನ್ನಲಿಲ್ಲ. ಅರಸರಿಗೆ ಬೇಕಾಗಿದ್ದ ಗಾತ್ರದ ಕುದುರೆಯನ್ನು, ಬೇಕಾಗಿದ್ದ ಸಂಖ್ಯೆಯಲ್ಲಿ, ಅವರು ಇಟ್ಟುಕೊಂಡಿದ್ದ ಮೇವಿನ ಕ್ರಮದಲ್ಲಿ ಇಲ್ಲಿ ಬೆಳೆಸುವುದು ಆಗುತ್ತಿರಲಿಲ್ಲ. ಜೊತೆಗೆ, ಬೆಳೆಸಲೇಬೇಕೆಂಬ ಒತ್ತಡವೂ ರಾಜಭಂಡಾರಕ್ಕೆ ಇರಲಿಲ್ಲ.

ಮೊದಲು ಆ 13,000ದ ಲೆಕ್ಕವನ್ನು ನೋಡೋಣ. ಅದನ್ನು ಬರೆದವನು ಫೆರ್ನಾವೊ ನೂನಿಜ್, 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದವನು, ಸ್ವತಃ ಕುದುರೆ ವ್ಯಾಪಾರಿ. ಆದ್ದರಿಂದ ಅವನ ಮಾತಿಗೆ ತೂಕವಿದೆ. ಅವನು ಹೇಳುವುದು, ಅರಸನು ಪ್ರತಿ ವರ್ಷ ಪರ್ಶಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಳ್ಳುತ್ತಾನೆ ಎಂದು. ನಾಡಕುದುರೆ ಎಂಬ ಆ ಮಾತನ್ನು ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. 13,000 ಎಂಬುದು ಎರಡೂ ಸೇರಿದ ಲೆಕ್ಕವೆಂದೇ ನಾನು ಓದುತ್ತೇನೆ. ಏಕೆಂದರೆ ಮುಂದಿನ ಸಾಲುಗಳಲ್ಲಿ ಅವನು ಆ ವ್ಯವಹಾರದ ಒಳಮರ್ಮವನ್ನೇ ಬಿಚ್ಚಿಡುತ್ತಾನೆ. ಅರಸನು ಒಳ್ಳೆಯ ಕುದುರೆಗಳನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ನಾಡಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ತನ್ನ ನಾಯಕರಿಗೆ ಮಾರುತ್ತಾನೆ. ನಾಯಕರು ಆ ಹಣವನ್ನು ಸೆಪ್ಟೆಂಬರ್ ತಿಂಗಳೊಳಗೆ ತಂದು ಸಲ್ಲಿಸಬೇಕು. ಅದೇ ಹಣದಲ್ಲಿ ಅರಸನು ಪೋರ್ಚುಗೀಸರಿಂದ ಅರಬ್ಬಿ ಕುದುರೆಗಳನ್ನು ಕೊಳ್ಳುತ್ತಾನೆ, ಭಂಡಾರದಿಂದ ಏನೂ ಹೊರಹೋಗುವುದಿಲ್ಲ.

ಈ ಎರಡು ಮೂರು ಸಾಲುಗಳಲ್ಲಿ ನಿಮ್ಮ ಪ್ರಶ್ನೆಗೆ ಕಾಲುಭಾಗ ಉತ್ತರವಿದೆ. ನಾಡಕುದುರೆ ಎಂಬುದೊಂದು ಇತ್ತು, ಮಾರಾಟಕ್ಕೆ ಸಾಕಷ್ಟು ಸಿಗುತ್ತಿತ್ತು, ಸೈನ್ಯಕ್ಕೂ ಬಳಕೆಯಾಗುತ್ತಿತ್ತು. ಇನ್ನು ಹೊರಗಿನಿಂದ ಬರುವ ಕುದುರೆ ಅರಸನಿಗೆ ನಷ್ಟದ ಬಾಬಾಗಿರಲಿಲ್ಲ. ನಾಯಕರ ಕೈಯಲ್ಲಿ ಎಷ್ಟು ಕುದುರೆ ಇರಬೇಕು, ಎಂಥ ಕುದುರೆ ಇರಬೇಕು ಎಂಬುದನ್ನು ರಾಜಧಾನಿಯಲ್ಲಿಯೇ ಕುಳಿತು ನಿರ್ಧರಿಸುವ ಹಿಡಿತ ಅವನಿಗೆ ಅದರಿಂದ ಸಿಗುತ್ತಿತ್ತು. ಪ್ರತಿಯೊಬ್ಬ ನಾಯಕನೂ ತನ್ನ ಸೀಮೆಯಲ್ಲಿ ಕುದುರೆ ಬೆಳೆಸತೊಡಗಿದ್ದರೆ ಆ ಹಿಡಿತ ಉಳಿಯುತ್ತಿರಲಿಲ್ಲ.

ಕುದುರೆಗಾಗಿ ಅರಸರು ಎಷ್ಟು ದೂರ ಹೋಗುತ್ತಿದ್ದರೆಂಬುದಕ್ಕೆ ನೂನಿಜ್ ಕೊಡುವ ಇನ್ನೊಂದು ವಿವರ ನನ್ನ ಮನಸ್ಸಿನಿಂದ ಮರೆಯಾಗುವುದಿಲ್ಲ. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳಿಗೆ ವರ್ತಕರು ಕೇಳಿದಷ್ಟು ಬೆಲೆ ಕೊಡುತ್ತಿದ್ದನಂತೆ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಕತ್ತರಿಸಿ ತಂದು ತೋರಿಸಿದರೆ ಬದುಕಿದ ಕುದುರೆಯ ಬೆಲೆಯನ್ನೇ ಅದಕ್ಕೂ ಕೊಡುತ್ತಿದ್ದನಂತೆ. ಹಡಗಿನ ಅಪಾಯವನ್ನೆಲ್ಲ ಅರಸನೇ ಹೊತ್ತುಕೊಂಡ ಮೇಲೆ ವರ್ತಕನು ಭಟ್ಕಳಕ್ಕೋ ಹೊನ್ನಾವರಕ್ಕೋ ಧೈರ್ಯವಾಗಿ ಹಡಗು ಬಿಡುತ್ತಾನೆ. ಎದುರಿಗೆ ಬಹಮನಿ ಸುಲ್ತಾನರ ಅಶ್ವದಳವಿತ್ತು. ವರ್ತಕನ ಹಡಗು ತನ್ನ ಬಂದರಿಗೆ ಬಾರದಿದ್ದರೆ ಅದು ಅವರ ಬಂದರಿಗೆ ಹೋಗುತ್ತದೆ ಎಂಬುದು ಅರಸನಿಗೆ ಗೊತ್ತಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ವ್ಯಾಪಾರವನ್ನೆಲ್ಲ ಅಲ್ಲಿಗೆ ಎಳೆದುಕೊಂಡದ್ದೂ, 1547ರ ಒಪ್ಪಂದದಲ್ಲಿ ಗೋವೆಗೆ ಬರುವ ಕುದುರೆಗಳನ್ನು ಬಿಜಾಪುರಕ್ಕೆ ಕೊಡದೆ ವಿಜಯನಗರಕ್ಕೇ ಮಾರುವುದೆಂಬ ಮಾತು ಸೇರಿದ್ದೂ ಇದೇ ಕಾರಣಕ್ಕೆ.

ಈಗ ನನ್ನ ಕಸುಬಿಗೆ ಸೇರಿದ ವಿಷಯಕ್ಕೆ ಬರುತ್ತೇನೆ. ಬಂದ ಕುದುರೆಗಳು ಏಕೆ ಸಾಯುತ್ತಿದ್ದವು?

ಮಾರ್ಕೊ ಪೋಲೊ ಹೇಳುವಂತೆ, ಪಾಂಡ್ಯ ಅರಸನು ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಿದ್ದ. ವರ್ಷ ಮುಗಿಯುವಾಗ ಅವುಗಳಲ್ಲಿ ನೂರೂ ಉಳಿಯುತ್ತಿರಲಿಲ್ಲ. ನೂರರ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅವನು ಕೊಡುವ ಕಾರಣಗಳಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ. ಕುದುರೆಯನ್ನು ನೋಡಿಕೊಳ್ಳಲು ಬಲ್ಲವರು ಅಲ್ಲಿಲ್ಲ ಎನ್ನುತ್ತಾನೆ. ಲಾಳ ಕಟ್ಟುವವರು ಆ ನಾಡಿಗೆ ಹೋಗದಂತೆ ವರ್ತಕರೇ ತಡೆಯುತ್ತಾರೆ, ಕುದುರೆಗಳು ಸಾಯುತ್ತಿದ್ದರೆ ತಾನೇ ಅವರ ವ್ಯಾಪಾರ ನಡೆಯುವುದು ಎನ್ನುತ್ತಾನೆ. ಕುದುರೆಗೆ ಅನ್ನವನ್ನೂ ಮಾಂಸವನ್ನೂ ಬೇಯಿಸಿ ಹಾಕುತ್ತಾರೆ ಎನ್ನುತ್ತಾನೆ. ಒಳ್ಳೆಯ ಹೆಣ್ಣಿಗೆ ಒಳ್ಳೆಯ ಗಂಡನ್ನು ಬಿಟ್ಟರೂ ಕಾಲು ಸೊಟ್ಟಗಿರುವ, ಸವಾರಿಗೆ ಬಾರದ ಬಡಕಲು ಮರಿ ಹುಟ್ಟುತ್ತದೆ ಎನ್ನುತ್ತಾನೆ. ನಿಕಿಟಿನ್ ಕೂಡ ಬಹಮನಿ ಸೀಮೆಯಲ್ಲಿ ಕುದುರೆಗೆ ಕಡಲೆಯನ್ನೂ, ಸಕ್ಕರೆ ಮತ್ತು ಜಿಡ್ಡು ಸೇರಿಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದುದನ್ನು ಕಂಡಿದ್ದ.

ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ವೃತ್ತಿಯ ಆರಂಭದ ದಿನಗಳ ಟಾಂಗಾ ಕುದುರೆಯೊಂದು ನೆನಪಾಗುತ್ತದೆ. ಕಂದು ಬಣ್ಣದ ಹೆಣ್ಣು ಕುದುರೆ, ಏಳೆಂಟು ವರ್ಷದ್ದಿರಬೇಕು. ಯಜಮಾನರು ಅದನ್ನು ಮಗಳಂತೆ ಸಾಕಿದ್ದರು. ಒಂದು ದಿನ ಮುಂಗಾಲು, ಮರುದಿನ ಹಿಂಗಾಲು ಕುಂಟುತ್ತದೆ, ಯಾವ ಕಾಲಿನಲ್ಲೂ ಗಾಯವಿಲ್ಲ ಎಂದು ಕರೆತಂದರು. ಮುಖ ನೋಡಿದೆ. ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಗೆ ಮೂಳೆ ಉಬ್ಬಿಕೊಂಡು, ಮುಖವೇ ಡಬ್ಬದ ಹಾಗೆ ದಪ್ಪಗಾಗಿತ್ತು. ಕೆಳದವಡೆಯನ್ನು ಎರಡು ಬೆರಳಲ್ಲಿ ಹಿಡಿದರೆ ಎಲುಬಿನ ಅಂಚು ಚೂಪಾಗಿ ಸಿಗಬೇಕು. ಇಲ್ಲಿ ಮೊಂಡಾಗಿ ದಪ್ಪಗೆ ಸಿಕ್ಕಿತು. ಏನು ತಿನ್ನಿಸುತ್ತೀರಿ ಎಂದು ಕೇಳಿದ್ದಕ್ಕೆ ಯಜಮಾನರು ಹೆಮ್ಮೆಯಿಂದಲೇ, "ಕಡಿಮೆ ಮಾಡಿಲ್ಲ ಸ್ವಾಮಿ, ದಿನಾ ಎರಡು ಹೊತ್ತು ಬಕೆಟ್ ತುಂಬ ತೌಡು ಕಲಸಿ ಇಡ್ತೀನಿ" ಎಂದರು. ರೋಗ ಆ ಬಕೆಟ್ಟಿನಲ್ಲಿತ್ತು.

ಕುದುರೆಯ ಮೇವಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆಯೋ ರಂಜಕವು (ಫಾಸ್ಫರಸ್) ಅಷ್ಟೇ ಇರಬೇಕು, ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಅಕ್ಕಿಯ ತೌಡಿನಲ್ಲಿ ರಂಜಕವು ಕ್ಯಾಲ್ಸಿಯಂಗಿಂತ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ಅಕ್ಕಿಯದೂ ಹೆಚ್ಚುಕಡಿಮೆ ಅದೇ ಕಥೆ. ಮೂಳೆ ಬಿಟ್ಟ ಮಾಂಸದಲ್ಲೂ ಕ್ಯಾಲ್ಸಿಯಂ ಇಲ್ಲದಂತೆಯೇ. ರಂಜಕ ಹೀಗೆ ಮಿತಿಮೀರಿದಾಗ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿಯದಂತೆ ಕಾಯಲು ಶರೀರವು ತನ್ನದೇ ಮೂಳೆಗಳಿಂದ ಅದನ್ನು ಸೆಳೆದುಕೊಳ್ಳುತ್ತದೆ. ಮೂಳೆ ಟೊಳ್ಳಾಗುತ್ತದೆ, ಖಾಲಿಯಾದ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ, ಮುಖ ಊದುತ್ತದೆ, ಕೀಲುಗಳು ನೋಯುತ್ತವೆ. ಆ ಕುದುರೆಗೆ ತೌಡು ನಿಲ್ಲಿಸಿ, ಸುಣ್ಣದಕಲ್ಲಿನ ಪುಡಿಯನ್ನೂ ಕುದುರೆಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪನ್ನೂ ಕೊಡಿಸಿದೆವು. ಕೆಲವು ತಿಂಗಳಲ್ಲಿ ಕುಂಟು ಹೋಯಿತು, ಮುಖದ ಉಬ್ಬು ಮಾತ್ರ ಪೂರ್ತಿ ಇಳಿಯಲಿಲ್ಲ. ಅನ್ನ ತಿಂದ ತಾಯಿಯ ಮರಿಗಳ ಕಾಲು ಸೊಟ್ಟಗಾದುದಕ್ಕೂ ಮೂಳೆಯ ಈ ಬಡತನವೇ ಮುಖ್ಯ ಕಾರಣವಾಗಿದ್ದಿರಬೇಕು ಎಂಬುದು ನನ್ನ ಅಭಿಪ್ರಾಯ.

ಅನ್ನದಿಂದ ಇನ್ನೊಂದು ಅಪಾಯವೂ ಇದೆ. ಕುದುರೆ ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಹೊಟ್ಟೆ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ದಿನದ ಹದಿನಾಲ್ಕು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವೇ ಹುಲ್ಲು ಮೇಯುತ್ತ ಇರುವಂತೆ ಪ್ರಕೃತಿ ಅದನ್ನು ರೂಪಿಸಿದೆ. ಬೇಯಿಸಿದ ಧಾನ್ಯವನ್ನು ಒಂದೇ ಸಲಕ್ಕೆ ರಾಶಿ ಹಾಕಿದರೆ, ಅರಗದೆ ಉಳಿದ ಪಿಷ್ಟ ದೊಡ್ಡಕರುಳಿಗೆ ಇಳಿದು ಹುಳಿಯುತ್ತದೆ. ಆಗ ಉದರಶೂಲೆ ಬರುತ್ತದೆ, ಅದರ ಬೆನ್ನಿಗೇ ಗೊರಸಿನೊಳಗಿನ ಮೃದುಭಾಗ ಊದಿಕೊಂಡು ಕುದುರೆ ಹೆಜ್ಜೆ ಇಡಲಾರದೆ ನಿಲ್ಲುತ್ತದೆ. ಮರುಭೂಮಿಯ ಅಂಚಿನಲ್ಲಿ ಬಾರ್ಲಿ, ಒಣಹುಲ್ಲು, ಖರ್ಜೂರ ತಿಂದು ಬೆಳೆದ ಪ್ರಾಣಿಯನ್ನು ವಾರಗಟ್ಟಲೆ ಹಡಗಿನಲ್ಲಿ ನಿಲ್ಲಿಸಿ ತಂದು, ಘಟ್ಟ ಹತ್ತಿಸಿ, ಅರಮನೆಯ ಪ್ರೀತಿಯಿಂದ ತುಪ್ಪದ ಅನ್ನ ತಿನ್ನಿಸಿದರೆ ಅದು ಬದುಕುವುದು ಕಷ್ಟ. ಆ ಸೇವಕರು ಕುದುರೆಯನ್ನು ಅಲಕ್ಷ್ಯ ಮಾಡಲಿಲ್ಲ, ತಾವು ಉಣ್ಣುವ ಅತ್ಯುತ್ತಮವಾದುದನ್ನೇ ಅದಕ್ಕೂ ಕೊಟ್ಟರು ಎಂಬುದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ.

ಮೇವನ್ನು ತಿದ್ದಬಹುದಿತ್ತು. ಆ ಕಾಲದಲ್ಲಿ ಯಾರೂ ತಿದ್ದಲಾಗದಿದ್ದ ಕಾರಣವೂ ಒಂದಿತ್ತು, ಅದು ಸರ್ರಾ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಬ್ರಿಟಿಷ್ ಪಶುವೈದ್ಯರು, ಅಂದಿನ ಪಂಜಾಬ್ ಪ್ರಾಂತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದರ ಪರೋಪಜೀವಿಯನ್ನು ಕಂಡುಹಿಡಿದರು. ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಹೊಟ್ಟೆಯ ಅಡಿಯಲ್ಲೂ ಕಾಲುಗಳಲ್ಲೂ ಬಾವು ಕಾಣುತ್ತದೆ, ಕುದುರೆ ಮೇವನ್ನು ತಿನ್ನುತ್ತಲೇ ಸೊರಗುತ್ತ ಹೋಗಿ ಕೊನೆಗೆ ಹಿಂಗಾಲು ಎಳೆಯುತ್ತ ಬೀಳುತ್ತದೆ. ಅಂಥ ಕುದುರೆಯ ಹಸಿ ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಕೆಂಪು ಕಣಗಳ ನಡುವೆ ಸಣ್ಣ ಎಳೆಯೊಂದು ಹಾವಿನಂತೆ ಹೊರಳಾಡುತ್ತ ಅಕ್ಕಪಕ್ಕದ ಕಣಗಳನ್ನು ತಳ್ಳಾಡುವುದು ಕಾಣುತ್ತದೆ. ಇದನ್ನು ಹರಡುವುದು ದನಗಳ ರಕ್ತ ಹೀರುವ ದೊಡ್ಡ ನೊಣಗಳು. ಎಮ್ಮೆ ದನಗಳಲ್ಲಿ ಈ ಜೀವಿ ಬಹುಮಟ್ಟಿಗೆ ಸದ್ದಿಲ್ಲದೆ ಇರುತ್ತದೆ, ಕುದುರೆಯಲ್ಲಿ ಕೊಲ್ಲುತ್ತದೆ. ಊರ ತುಂಬ ಎಮ್ಮೆ ದನ, ಮಳೆಗಾಲದ ತುಂಬ ನೊಣ ಇರುವ ನಾಡಿಗೆ, ಹೊರಗಿನ ಕುದುರೆಗಳು ಸಾವಿರಗಟ್ಟಲೆ ಬಂದು ಇಳಿದಾಗ ಏನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಇಂದು ಇದಕ್ಕೆ ಔಷಧಿಯಿದೆ, ಬೇಗ ಗುರುತಿಸಿದರೆ ಕುದುರೆ ಉಳಿಯುತ್ತದೆ.

ಸೆಕೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಕುದುರೆ ಮನುಷ್ಯನಂತೆ ಬೆವರಿ ತಂಪಾಗುವ ಪ್ರಾಣಿ. ಗಟ್ಟಿ ದುಡಿತದಲ್ಲಿ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು, ಆ ಬೆವರಿನೊಡನೆ ಉಪ್ಪನ್ನೂ ಧಾರಾಳವಾಗಿ ಕಳೆದುಕೊಳ್ಳುತ್ತದೆ. ಒಣಸೆಕೆಯಲ್ಲಿ ಬೆವರು ಆರುತ್ತದೆ, ಕರಾವಳಿಯ ತೇವದ ಸೆಕೆಯಲ್ಲಿ ಆರುವುದಿಲ್ಲ. ಅಂಥ ಕಡೆ ತಂದ ಕೆಲವು ಕುದುರೆಗಳಲ್ಲಿ ಬೆವರುವುದೇ ನಿಂತುಹೋಗಿ ಮೈ ಒಣಗಿದಂತಾಗುತ್ತದೆ. ಹೀಗಾಗಿ ಭಟ್ಕಳದಲ್ಲಿ ಇಳಿದ ಕುದುರೆಯನ್ನು ಎಷ್ಟು ಬೇಗ ಘಟ್ಟದ ಮೇಲೆ ತಂದರೆ ಅಷ್ಟು ಒಳ್ಳೆಯದಾಗಿತ್ತು.

ಇನ್ನು, ಇಲ್ಲಿಯೇ ತಳಿ ಬೆಳೆಸದಿದ್ದುದೇಕೆ ಎಂಬುದು. ಅರಬ್ ಬುಡಕಟ್ಟಿನವರು ತಮ್ಮ ಹೆಣ್ಣು ಕುದುರೆಗಳನ್ನು ಗುಡಾರದಲ್ಲಿ ಮನೆಮಂದಿಯಂತೆ ಇಟ್ಟುಕೊಳ್ಳುತ್ತಿದ್ದರು, ವಂಶವನ್ನೂ ತಾಯಿಯ ಕಡೆಯಿಂದಲೇ ಎಣಿಸುತ್ತಿದ್ದರು, ಅವನ್ನು ಮಾರುವುದು ಅಪರೂಪ. ಹಡಗು ಹತ್ತುತ್ತಿದ್ದವು ಹೆಚ್ಚಾಗಿ ಗಂಡು ಕುದುರೆಗಳು. ಗಂಡುಗಳನ್ನು ಎಷ್ಟು ಕೊಂಡರೂ ತಳಿ ಸಿಗುವುದಿಲ್ಲ. ಒಂದು ವೇಳೆ ಹೆಣ್ಣು ಕುದುರೆಗಳು ಸಿಕ್ಕವು ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಹೆಣ್ಣು ಕುದುರೆ ಸುಮಾರು 11 ತಿಂಗಳು ಗರ್ಭ ಹೊತ್ತು ಒಂದೇ ಮರಿ ಹಾಕುತ್ತದೆ. ಎರಡು ವರ್ಷಕ್ಕೊಂದು ಮರಿ ಉಳಿದು ದೊಡ್ಡದಾಗುತ್ತದೆ ಎಂದು ಹಿಡಿದರೆ, ವರ್ಷಕ್ಕೆ ಬರೀ 5,000 ಕುದುರೆ ಸೈನ್ಯಕ್ಕೆ ಸೇರಬೇಕಾದರೂ 10,000 ತಾಯಂದಿರು ಬೇಕು. ಮರಿ ಯುದ್ಧಕ್ಕೆ ಬರಲು ನಾಲ್ಕು ವರ್ಷವಾದರೂ ಆಗಬೇಕು. ಅಂದರೆ ಬೆಳೆಯುತ್ತಿರುವ ಮರಿಗಳೇ 20,000. ಒಟ್ಟು 30,000 ತಲೆಗಳು. ತಲೆಗೆ ದಿನಕ್ಕೆ 7 ಕೆ.ಜಿ. ಒಣಮೇವಿನಂತೆ ದಿನಕ್ಕೆ 210 ಟನ್ ಮೇವು. ಈ ಯಾವ ಕುದುರೆಯೂ ಅಷ್ಟರವರೆಗೆ ಒಂದು ದಿನದ ಯುದ್ಧವನ್ನೂ ಮಾಡಿರುವುದಿಲ್ಲ. ಎರಡು ವರ್ಷ ಮಳೆ ಕೈಕೊಟ್ಟರೆ ಉಳುವ ಎತ್ತಿಗೇ ಹುಲ್ಲಿಲ್ಲದ ಬಯಲುಸೀಮೆಯಲ್ಲಿ, ಆ ಭಾರವನ್ನು ಹೊರ್ಮುಜಿನ ಆಚೆಯ ಹುಲ್ಲುಗಾವಲುಗಳ ಮೇಲೆ ಬಿಟ್ಟು, ಬೆಳೆದು ನಿಂತ ಕುದುರೆಯನ್ನು ಹಣ ಕೊಟ್ಟು ತರುವುದು ಅರಸರಿಗೆ ಸರಿಯೆನಿಸಿದ್ದರೆ ಅದನ್ನು ದಡ್ಡತನ ಎನ್ನಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೈನ್ಯ ಇಟ್ಟುಕೊಂಡ ಬ್ರಿಟಿಷರು ಕೂಡ ತಮ್ಮ ಅಶ್ವದಳಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಿಂದ, ವೇಲರ್ ಎಂದೇ ಹೆಸರಾದ ಕುದುರೆಗಳನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದರು.

ಹಾಗಾದರೆ ನಾಡಕುದುರೆ ಎಂದರೆ ಯಾವುದು? ನಿಕಿಟಿನ್ ತನ್ನ ಬರಹದಲ್ಲಿ ಆಳಂದದ ಜಾತ್ರೆಯನ್ನು ನೆನೆಯುತ್ತಾನೆ. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಅದೇ ಆಳಂದ. ಅಲ್ಲಿಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ. ಅಷ್ಟೂ ಕುದುರೆಗಳು ಹಡಗಿನಿಂದಲೇ ಬಂದವೆಂದು ನಂಬುವುದು ನನಗೆ ಕಷ್ಟ. ಆಳಂದದ ಸೀಮೆಯ ನೀರು ಹರಿಯುವುದು ಭೀಮಾ ನದಿಗೆ. ಅದೇ ಭೀಮೆಯ ಕಣಿವೆ ಮುಂದೆ ಮರಾಠರ ಲಘು ಅಶ್ವದಳಕ್ಕೆ ಭೀಮಥಡಿ ಕುದುರೆಗಳನ್ನು ಕೊಟ್ಟಿತು. ಭೀಮಥಡಿ ಎಂದರೆ ಭೀಮೆಯ ದಡ ಎಂದೇ ಅರ್ಥ. ದಖನ್ನಿನ ಹೆಣ್ಣು ಕುದುರೆಗೆ ಅರಬ್ಬಿ, ಪಾರಸಿ ಗಂಡಿನ ರಕ್ತ ಸೇರಿ ರೂಪುಗೊಂಡ ಇದು ಎತ್ತರದಲ್ಲಿ ಕಡಿಮೆ, ಕಟ್ಟುಮಸ್ತು, ಗಟ್ಟಿ ಗೊರಸಿನದು, ಜೋಳದ ಸೊಪ್ಪೆ ತಿಂದು ದಿನಗಟ್ಟಲೆ ನಡೆಯುವಂಥದು. ಇಂದಿಗೂ ಮಹಾರಾಷ್ಟ್ರದ ಧನಗರರು ಕುರಿಹಿಂಡಿನ ಜೊತೆ ಊರೂರು ಅಲೆಯುವಾಗ ಸಾಮಾನು, ಮರಿಗಳು, ಮಕ್ಕಳನ್ನು ಇವುಗಳ ಬೆನ್ನ ಮೇಲೆ ಹೇರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಪ್ರತ್ಯೇಕ ತಳಿಯೆಂಬ ಅಧಿಕೃತ ಮಾನ್ಯತೆಯೂ ಸಿಕ್ಕಿದೆ. ನನಗೆ ಇದು ಬಹಳ ಸಂತೋಷದ ಸಂಗತಿ, ಏಕೆಂದರೆ ಈ ನೆಲ ಬೆಳೆಸಿದ ಕುದುರೆಯನ್ನು ನಾವು ಬಹಳ ಕಾಲ ತಟ್ಟು ಎಂದು ಕರೆದು ಕಡೆಗಣಿಸಿದ್ದೇವೆ.

ಮಳೆಯ ನಾಡಿನಲ್ಲೂ ಕುದುರೆ ಬಾಳಬಲ್ಲದು ಎಂಬುದಕ್ಕೆ ಮಣಿಪುರದ ತಟ್ಟುವೇ ಸಾಕ್ಷಿ. ಇಂದಿನ ಪೋಲೊ ಆಟವನ್ನು ಬ್ರಿಟಿಷರು ಕಲಿತದ್ದು ಈ ಕುದುರೆಯ ಮೇಲೆ ಆಡುತ್ತಿದ್ದ ಸಗೋಲ್ ಕಾಂಗ್ಜೈ ಎಂಬ ಆಟದಿಂದ. ಆದರೆ ಅದರ ಎತ್ತರ 11ರಿಂದ 13 ಗೇಣಿನಷ್ಟು. ಕುದುರೆಯವರ ಲೆಕ್ಕದಲ್ಲಿ ಒಂದು ಗೇಣೆಂದರೆ 4 ಅಂಗುಲ, ಹೆಗಲವರೆಗಿನ ಅಳತೆ. ತೇವದ ಸೆಕೆಯಲ್ಲಿ ಚಿಕ್ಕ ಮೈಯೇ ಬೇಗ ತಂಪಾಗುತ್ತದೆ, ಕಡಿಮೆ ಮೇವಿನಲ್ಲಿ ಬದುಕುತ್ತದೆ. ವಿಜಯನಗರದ ಅರಸರಿಗೆ ಕವಚ ತೊಟ್ಟ ಸವಾರನನ್ನು ಹೊತ್ತು ಎದುರಾಳಿಯ ಸಾಲಿಗೆ ನುಗ್ಗುವ ಕುದುರೆ ಬೇಕಿತ್ತು. ಅದು ತಟ್ಟುವಿನಿಂದ ಆಗುವ ಕೆಲಸವಲ್ಲ.

ಮಾರ್ವಾಡದಲ್ಲಿ ಎತ್ತರದ ಕುದುರೆ ಬೆಳೆದದ್ದು ಏಕೆಂದರೆ ಅಲ್ಲಿನ ನೆಲ, ಜನ ಎರಡೂ ಬೇರೆ. ಥಾರ್ ಮರುಭೂಮಿಯ ಅಂಚಿನ ಒಣಹವೆ ಅರಬಸ್ತಾನದ ಹವೆಗೆ ಹತ್ತಿರ. ಮಳೆ ಕಡಿಮೆಯಾದ್ದರಿಂದ ರಕ್ತ ಹೀರುವ ನೊಣದ ಕಾಟವೂ ಕಡಿಮೆ. ಮರಳಿನಲ್ಲಿ ಬೆಳೆಯುವ ಸೇವಣದಂಥ ಹುಲ್ಲು ಒಣಗಿದ ಮೇಲೂ ಮೇವಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿನ ಅರಸರಾದ ರಾಠೋಡರ ಸೀಮೆಯಲ್ಲಿ ಹೆಣ್ಣು ಕುದುರೆ ಮನೆಯ ಅಂಗಳದಲ್ಲಿಯೇ ಇರುತ್ತಿತ್ತು. ಅದರ ತಾಯಿ, ಅಜ್ಜಿಯರ ಹೆಸರು ಮನೆಯವರ ಬಾಯಲ್ಲಿತ್ತು. ಆದರೂ ಆ ತಳಿ ನಶಿಸುವ ಹಂತಕ್ಕೆ ಬಂದಿತ್ತು. 1930ರ ದಶಕದಲ್ಲಿ ಜೋಧಪುರದ ಮಹಾರಾಜ ಉಮೈದ್ ಸಿಂಗ್ ಅದನ್ನು ಮೇಲೆತ್ತಿದರು. ಸ್ವಾತಂತ್ರ್ಯಾನಂತರ ಜಾಗೀರುಗಳು ಹೋದಾಗ ಸಾಕುವ ಶಕ್ತಿಯಿಲ್ಲದೆ ಅದು ಮತ್ತೆ ಕುಸಿಯಿತು. ಈಗ ಕಾಣುವ ಮಾರ್ವಾಡಿ ಕುದುರೆಗಳು ಅಲ್ಲಿಂದ ಉಳಿದು ಬಂದವುಗಳ ಸಂತತಿ.

ಕುಣಿಗಲ್ಲಿನ ಉತ್ತರವೂ ಈಗ ನಿಮಗೆ ಹೊಳೆದಿರಬೇಕು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಬೆಳೆಸುವ ಜಾಗವೆಂದು ಹೆಸರಾದ ಅದು ಮೈಸೂರು ಪ್ರಸ್ಥಭೂಮಿಯ ಮೇಲಿದೆ. ಹವೆ ಹಿತ, ನೆಲ ನೀರು ನಿಲ್ಲದ ಕೆಂಪುಮಣ್ಣು. ಮೈಸೂರು ಸೀಮೆಯಲ್ಲಿ ಕುದುರೆಗೆ ಅನ್ನದ ಬದಲು ಹುರುಳಿ ಹಾಕುವುದು ರೂಢಿ. ಹುರುಳಿಯಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹೆಚ್ಚುಕಡಿಮೆ ಸಮವಾಗಿವೆ, ನೂರು ಗ್ರಾಂನಲ್ಲಿ 22 ಗ್ರಾಂನಷ್ಟು ಪ್ರೋಟೀನೂ ಇದೆ. ಹಸಿಯಾಗಿ ಕೊಟ್ಟರೆ ಪ್ರೋಟೀನ್ ಅರಗುವುದನ್ನು ತಡೆಯುವ ಅಂಶಗಳು ಅದರಲ್ಲಿದ್ದು, ಬೇಯಿಸಿದಾಗ ಅವು ಬಹುಪಾಲು ನಾಶವಾಗುತ್ತವೆ. ಹುರುಳಿಯನ್ನು ಬೇಯಿಸಿ ಆರಿಸಿ ಕೊಡುತ್ತಿದ್ದ ನಮ್ಮ ಹಳೆಯ ಲಾಯದಾಳುಗಳು ಈ ಯಾವ ವಿಶ್ಲೇಷಣೆಯನ್ನೂ ಓದಿದವರಲ್ಲ. ಆದರೂ ಅವರ ಕ್ರಮ ಪೂರ್ತಿ ಸರಿಯಾಗಿತ್ತು. ಈಗ ಕುಣಿಗಲ್ಲಿನಲ್ಲಿ ಬೆಳೆಯುವವು ಓಟದ ಪಂದ್ಯದ ಥರೋಬ್ರೆಡ್ ಕುದುರೆಗಳು. ಯುದ್ಧದ ಕುದುರೆಗಿಂತ ನಾಜೂಕಾದ ಅವೇ ಇಲ್ಲಿ ಮರಿ ಹಾಕಿ ಬೆಳೆಯುತ್ತಿರುವಾಗ, ನೆಲವನ್ನು ದೂರುವುದು ಸರಿಯಲ್ಲ.

ಈಗ ನಿಮ್ಮ ತಮ್ಮನವರ ವಿಷಯ. ಅರಸೀಕೆರೆಯ ಒಣಹವೆಗೆ ಮಾರ್ವಾಡಿ ಕುದುರೆ ಒಗ್ಗುತ್ತದೆ, ಹೆದರಬೇಕಾಗಿಲ್ಲ. ತರುವುದಾದರೆ ಮಳೆ ಮುಗಿದ ಮೇಲೆ, ಚಳಿಗಾಲದ ಆರಂಭದಲ್ಲಿ ತನ್ನಿ. ನೊಣ ಕಡಿಮೆ ಇರುತ್ತವೆ, ಬೇಸಿಗೆಯೊಳಗೆ ಕುದುರೆ ಹೊಂದಿಕೊಳ್ಳುತ್ತದೆ. ಒಂದಕ್ಕೊಂದು ತಾಗುವ ಆ ಬಾಗಿದ ಕಿವಿಗಳನ್ನು ನೋಡಿ ಮರುಳಾಗಿ ಬೆಲೆ ಕಟ್ಟಬೇಡಿ ಎಂದು ಅವರಿಗೆ ಹೇಳಿ. ಮೊದಲು ನಾಲ್ಕೂ ಗೊರಸುಗಳನ್ನು ಎತ್ತಿಸಿ ನೋಡಲಿ, ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ ಓಡಿಸಿ ನೋಡಲಿ, ಕೆಳದವಡೆಯ ಅಂಚನ್ನು ಬೆರಳಿಂದ ಸವರಿ ನೋಡಲಿ. ಹಣ ಕೊಡುವ ಮೊದಲು ಸರ್ರಾ ಮತ್ತು ಗ್ಲ್ಯಾಂಡರ್ಸ್ ರೋಗಗಳಿಗೆ ರಕ್ತಪರೀಕ್ಷೆ ಆಗಲೇಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗವಾದ್ದರಿಂದ ಇದರಲ್ಲಿ ದಾಕ್ಷಿಣ್ಯ ಬೇಡ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ, ನಿಮ್ಮ ತಾಲ್ಲೂಕಿನ ಪಶುವೈದ್ಯರು ಮಾದರಿ ಕಳಿಸುವ ದಾರಿ ತಿಳಿಸುತ್ತಾರೆ.

ನನಗೆ ಹೆಚ್ಚು ಚಿಂತೆಯಿರುವುದು ತೋಟದ ಬಗ್ಗೆ. ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹರಳು ಹಿಂಡಿ ಹಾಕುವುದು ನಿಮ್ಮ ಕಡೆ ಸಾಮಾನ್ಯ. ಹರಳು ಬೀಜದ ವಿಷಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ ಎನ್ನಬಹುದು. ಆದ್ದರಿಂದ ಹಿಂಡಿಯ ಚೀಲ ಲಾಯದ ಹತ್ತಿರವೂ ಸುಳಿಯಬಾರದು, ಹಿಂಡಿ ಹಾಕಿದ ಪಾತಿಯಲ್ಲಿ ಮೇಯಲು ಬಿಡಬಾರದು. ಹಸುಗಳಿಗೆ ತರುವ ಸಿದ್ಧ ಪಶು ಆಹಾರವನ್ನೂ ಕುದುರೆಗೆ ಹಾಕಬಾರದು. ಅಂಥ ಕೆಲವು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಹಸುವಿಗೆ ಹಿತ, ಕುದುರೆಯ ಹೃದಯಕ್ಕೆ ಮಾರಕ. ಹಸುವಿಗೆಂದು ಬೆಳೆದ ನೇಪಿಯರ್ ಹುಲ್ಲನ್ನೇ ದಿನವೂ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡಿ, ಟಾಂಗಾ ಕುದುರೆಗೆ ಬಂದ ಕಾಯಿಲೆಯನ್ನೇ ತರುತ್ತದೆ. ಒಣಗಿಸಿದ ರಾಗಿಹುಲ್ಲು, ಗರಿಕೆ, ಜೊತೆಗೆ ಸ್ವಲ್ಪ ಕುದುರೆಮಸಾಲೆ ಇರಲಿ. ದುಡಿತವಿದ್ದ ದಿನ ಮಾತ್ರ ಬೇಯಿಸಿದ ಹುರುಳಿಯನ್ನು ಎರಡು ಮೂರು ಪಾಲು ಮಾಡಿ ಕೊಡಲಿ, ನೆಕ್ಕಲು ಉಪ್ಪಿನ ಗಡ್ಡೆ ಇರಲಿ. ಎಮ್ಮೆ ದನದ ಕೊಟ್ಟಿಗೆಯಿಂದ ಲಾಯವನ್ನು ಆದಷ್ಟು ದೂರದಲ್ಲಿ, ಗಾಳಿ ಬೀಸುವ ಎತ್ತರದ ಜಾಗದಲ್ಲಿ ಕಟ್ಟಿಸಿ. ಕುದುರೆ ಒಂಟಿಯಾಗಿದ್ದರೆ ಕೊರಗುತ್ತದೆ. ಇನ್ನೊಂದು ಕುದುರೆ ತರುವ ಶಕ್ತಿ ಇಲ್ಲದಿದ್ದರೆ, ಜೊತೆಗೆ ಒಂದೆರಡು ಮೇಕೆಗಳನ್ನಾದರೂ ಬಿಟ್ಟಿರಿ.